ಲಿವರ್ ಪ್ಯಾಥಾಲಜಿಸ್ಟ್: ಕೆಲಸ, ವೃತ್ತಿ, ಸಂಶೋಧನೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಲಿವರ್ ಬಯಾಪ್ಸಿ ವರದಿ ಕೈಗೆ ಬಂದವರು, ವೈದ್ಯಕೀಯ ಓದುತ್ತಿರುವವರು, ಮನೆಯವರ ಕಾಯಿಲೆಯಿಂದಾಗಿ ಈ ವಿಷಯ ಹುಡುಕಿಕೊಂಡು ಬಂದವರು, ಎಲ್ಲರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ನಾನು ಇದೇ ಕೆಲಸ ಮಾಡುವವಳು. ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿವೆ. ವರದಿಯ ಅರ್ಥ ಮಾತ್ರ ಬೇಕಾದವರು ಗ್ರೇಡ್, ಸ್ಟೇಜ್ ಬಗ್ಗೆ ಇರುವ ಪ್ರಶ್ನೆಗೆ ನೇರವಾಗಿ ಹೋಗಬಹುದು.

ಲಿವರ್ ಪ್ಯಾಥಾಲಜಿಸ್ಟ್ ಅಂದರೆ ಲಿವರ್ ಡಾಕ್ಟರೇ ಅಲ್ವಾ?

ಡಾಕ್ಟರೇ, ಆದರೆ ಕೆಲಸ ಬೇರೆ. ರೋಗಿಯನ್ನು ಪರೀಕ್ಷಿಸಿ, ಔಷಧ ಬರೆದು, ವರ್ಷಗಟ್ಟಲೆ ನೋಡಿಕೊಳ್ಳುವವರು ಹೆಪಟಾಲಜಿಸ್ಟ್. ಲಿವರಿನಿಂದ ತೆಗೆದ ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕಾಯಿಲೆ ಯಾವುದು, ಈಗ ಎಷ್ಟು ಜೋರಾಗಿದೆ, ಇದುವರೆಗೆ ಎಷ್ಟು ಹಾನಿ ಮಾಡಿದೆ ಎಂದು ಬರೆದುಕೊಡುವವರು ಪ್ಯಾಥಾಲಜಿಸ್ಟ್. ಚಿಕಿತ್ಸೆ ಶುರು ಮಾಡಬೇಕಾ, ನಿಲ್ಲಿಸಬೇಕಾ, ಕಸಿಗೆ ಹೋಗಬೇಕಾ ಎನ್ನುವ ತೀರ್ಮಾನ ಎಷ್ಟೋ ಸಲ ಆ ಒಂದು ಪುಟದ ಮೇಲೆ ನಿಂತಿರುತ್ತದೆ.

ಬಯಾಪ್ಸಿ ತುಂಡು ತೆಗೆದ ಮೇಲೆ ಅದಕ್ಕೆ ಏನೇನು ಮಾಡುತ್ತಾರೆ?

ಮೊದಲು ಫಾರ್ಮಲಿನ್‌ನಲ್ಲಿ ಹಾಕುತ್ತಾರೆ. ಅದು ತುಂಡು ಕೆಡದ ಹಾಗೆ ಹಿಡಿದಿಡುತ್ತದೆ. ಆಮೇಲೆ ನೀರಿನಂಶ ತೆಗೆದು, ಮೇಣದಲ್ಲಿ ಕೂರಿಸಿ, ಮೈಕ್ರೋಟೋಮ್ ಎಂಬ ಯಂತ್ರದಲ್ಲಿ 3ರಿಂದ 5 ಮೈಕ್ರಾನ್ ದಪ್ಪಕ್ಕೆ ಕತ್ತರಿಸುತ್ತಾರೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಇಷ್ಟು ತೆಳ್ಳಗೆ ಕತ್ತರಿಸಿ ಮಡಿಕೆ ಬೀಳದಂತೆ ಗಾಜಿನ ಮೇಲೆ ಕೂರಿಸುವುದು ಲ್ಯಾಬ್ ತಂತ್ರಜ್ಞರ ಕೈಚಳಕ. ಅವರ ಕೈ ಚೆನ್ನಾಗಿಲ್ಲದಿದ್ದರೆ ನಮ್ಮ ಕಣ್ಣು ಎಷ್ಟು ಚುರುಕಾಗಿದ್ದರೂ ಉಪಯೋಗವಿಲ್ಲ.

ನಂತರ ಬಣ್ಣ. ಲಿವರಿಗೆ ಒಂದೇ ಬಣ್ಣ ಸಾಲದು. ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಸೇರಿದ ಸಾಮಾನ್ಯ ಬಣ್ಣದಲ್ಲಿ ಜೀವಕೋಶಗಳ ಆಕಾರ, ಉರಿಯೂತ, ಕೊಬ್ಬು ಕಾಣುತ್ತವೆ. ಮ್ಯಾಸನ್ ಟ್ರೈಕ್ರೋಮ್ ಹಾಕಿದರೆ ಗಾಯ ಮಾಗಿ ಬೆಳೆದ ನಾರು ನೀಲಿಯಾಗುತ್ತದೆ. ರೆಟಿಕ್ಯುಲಿನ್ ಬಣ್ಣದಲ್ಲಿ ಜೀವಕೋಶಗಳನ್ನು ಸಾಲಾಗಿ ಹಿಡಿದಿರುವ ಸಣ್ಣ ಎಳೆಗಳು ಕಪ್ಪಾಗಿ ಎದ್ದು ಕಾಣುತ್ತವೆ. ಆ ಎಳೆಗಳು ಕುಸಿದಿದ್ದರೆ ಅಲ್ಲಿದ್ದ ಕೋಶಗಳು ಸತ್ತಿವೆ ಎಂದರ್ಥ. ಪರ್ಲ್ಸ್ ಬಣ್ಣ ಕಬ್ಬಿಣವನ್ನು ನೀಲಿಯಾಗಿ ತೋರಿಸುತ್ತದೆ. ರೋಡನಿನ್ ತಾಮ್ರವನ್ನು ತೋರಿಸುತ್ತದೆ, ದೇಹದಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆಯ ಅನುಮಾನವಿದ್ದಾಗ ಅದು ಬೇಕು. ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನ್ ಕೋಶದೊಳಗೆ ಸಿಕ್ಕಿಹಾಕಿಕೊಂಡಿದ್ದರೆ ಇನ್ನೊಂದು ಬಣ್ಣದಲ್ಲಿ ಅದು ಕೆನ್ನೇರಳೆ ಗುಂಡುಗಳಾಗಿ ಕಾಣುತ್ತದೆ. ಸಾಮಾನ್ಯ ಸ್ಲೈಡಿನಲ್ಲಿ ಇವನ್ನು ಕಡೆಗಣಿಸಿಬಿಡುವುದು ಬಹಳ ಸುಲಭ.

ಅಷ್ಟು ಚಿಕ್ಕ ತುಂಡಿನಿಂದ ಇಡೀ ಲಿವರ್ ಬಗ್ಗೆ ಹೇಗೆ ಹೇಳುತ್ತೀರಿ?

ಒಳ್ಳೆಯ ಪ್ರಶ್ನೆ. ಸೂಜಿ ಬಯಾಪ್ಸಿಯಲ್ಲಿ ಸಿಗುವುದು ಇಡೀ ಲಿವರಿನ ಸುಮಾರು 50,000ದಲ್ಲಿ ಒಂದು ಭಾಗ. ಹೆಪಟೈಟಿಸ್‌ನಂಥ ಕಾಯಿಲೆಗಳು ಇಡೀ ಲಿವರಿನಲ್ಲಿ ಹರಡಿರುವುದರಿಂದ ಈ ತುಂಡು ಬಹುಪಾಲು ನಂಬಬಹುದಾದ ಸಾಕ್ಷಿ. ಆದರೆ ಪೂರ್ತಿ ಅಲ್ಲ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೆಪಟೈಟಿಸ್ ಸಿ ಇದ್ದ 124 ಜನರ ಲಿವರಿನ ಎಡಭಾಗದಿಂದಲೂ ಬಲಭಾಗದಿಂದಲೂ ತುಂಡು ತೆಗೆದು ನೋಡಿದರು. ಮೂರರಲ್ಲಿ ಒಬ್ಬರಿಗೆ ಎರಡು ಕಡೆಯ ಫೈಬ್ರೋಸಿಸ್ (ಗಾಯ ಮಾಗಿ ಕಟ್ಟಿಕೊಂಡ ನಾರು) ಕನಿಷ್ಠ ಒಂದು ಹಂತ ಬೇರೆಯಾಗಿತ್ತು.

ಅದಕ್ಕೇ ನಾವು ತುಂಡಿನ ಉದ್ದದ ಬಗ್ಗೆ ಇಷ್ಟು ಹಟ ಹಿಡಿಯುವುದು. ಎರಡು ಸೆಂಟಿಮೀಟರಿಗಿಂತ ಜಾಸ್ತಿ ಉದ್ದ, ಸುಮಾರು 11 ಪೋರ್ಟಲ್ ಟ್ರ್ಯಾಕ್ಟ್‌ಗಳು ಇದ್ದರೆ ಧೈರ್ಯವಾಗಿ ಹಂತ ಹೇಳಬಹುದು. ರಕ್ತನಾಳಗಳೂ ಪಿತ್ತನಾಳವೂ ಒಟ್ಟಿಗೆ ಸಾಗುವ ಜಾಗವೇ ಪೋರ್ಟಲ್ ಟ್ರ್ಯಾಕ್ಟ್. ಮೂರ್ನಾಲ್ಕು ಟ್ರ್ಯಾಕ್ಟ್ ಮಾತ್ರ ಸಿಕ್ಕಿದ್ದರೆ ಕಾಯಿಲೆ ಇರುವುದಕ್ಕಿಂತ ಹಗುರವಾಗಿ ಕಾಣುತ್ತದೆ. ನಿಮ್ಮ ವರದಿಯಲ್ಲಿ ‘ಮಾದರಿ ಸಾಕಷ್ಟಿಲ್ಲ’ ಎಂದಿದ್ದರೆ ಬೇಸರಪಡಬೇಡಿ. ಕಂಡಿದ್ದನ್ನು ಕಂಡಷ್ಟೇ ಹೇಳಿದ ಪ್ಯಾಥಾಲಜಿಸ್ಟ್ ನಿಮಗೆ ಸಿಕ್ಕಿದ್ದಾರೆ.

ಗ್ರೇಡ್, ಸ್ಟೇಜ್ ಅಂತ ಎರಡು ಸಂಖ್ಯೆ ಇರುತ್ತವಲ್ಲ, ಏನು ವ್ಯತ್ಯಾಸ?

ಗ್ರೇಡ್ ಅಂದರೆ ಈಗ ನಡೆಯುತ್ತಿರುವ ಉರಿಯೂತ ಎಷ್ಟು ಜೋರು ಎನ್ನುವುದು. ಸ್ಟೇಜ್ ಅಂದರೆ ಇದುವರೆಗೆ ಕಟ್ಟಿಕೊಂಡ ನಾರು, ಅಂದರೆ ಫೈಬ್ರೋಸಿಸ್ ಎಷ್ಟು ಎನ್ನುವುದು. ಗ್ರೇಡ್ ಚಿಕಿತ್ಸೆಯಿಂದ ಬೇಗ ಇಳಿಯಬಹುದು. ಸ್ಟೇಜ್ ನಿಧಾನ.

ವರದಿಯಲ್ಲಿ ಯಾವ ಪದ್ಧತಿಯಲ್ಲಿ ಅಂಕ ಕೊಟ್ಟಿದ್ದಾರೆ ಎನ್ನುವುದನ್ನು ತಪ್ಪದೆ ನೋಡಿ. ಮೆಟಾವಿರ್ ಪದ್ಧತಿಯಲ್ಲಿ ಫೈಬ್ರೋಸಿಸ್ 0ಯಿಂದ 4ರವರೆಗೆ. ಇಶಾಕ್ ಪದ್ಧತಿಯಲ್ಲಿ 0ಯಿಂದ 6ರವರೆಗೆ. ಮೆಟಾವಿರ್‌ನಲ್ಲಿ 4 ಅಂದರೆ ಸಿರೋಸಿಸ್, ಅಂದರೆ ನಾರು ತುಂಬಿ ಲಿವರ್ ಗಂಟುಗಂಟಾದ ಹಂತ. ಇಶಾಕ್‌ನಲ್ಲಿ 4 ಅಂದರೆ ಸಿರೋಸಿಸ್ ಇನ್ನೂ ಬಂದಿಲ್ಲ. ಎರಡು ಆಸ್ಪತ್ರೆಯ ವರದಿಗಳನ್ನು ಪಕ್ಕಪಕ್ಕ ಇಟ್ಟು ಸುಮ್ನೆ ಗಾಬರಿಯಾಗುವವರು ತುಂಬ ಜನ ಇದ್ದಾರೆ.

ಈ ಅಂಕಗಳನ್ನು ಯಾರು ಮಾಡಿದರು?

ಇದರ ಹಿಂದೆ ನನಗೆ ತುಂಬ ಇಷ್ಟವಾದ ಕಥೆಯಿದೆ. 1968ರಲ್ಲಿ ಯುರೋಪಿನ ಕೆಲವು ಲಿವರ್ ತಜ್ಞರು, ಜೊತೆಗೆ ನ್ಯೂಯಾರ್ಕಿನ ಹಾನ್ಸ್ ಪಾಪರ್, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸೇರಿದರು. ಆಗ ಒಂದೇ ಸ್ಲೈಡಿಗೆ ಒಂದೊಂದು ಊರಿನಲ್ಲಿ ಒಂದೊಂದು ಹೆಸರು. ಇವರು ಸ್ಲೈಡುಗಳನ್ನು ಮುಂದಿಟ್ಟುಕೊಂಡು ವಾದ ಮಾಡಿ, ದೀರ್ಘಕಾಲದ ಹೆಪಟೈಟಿಸನ್ನು ಎರಡು ಬಗೆಯಾಗಿ ವಿಂಗಡಿಸಿದರು: ಇದ್ದಲ್ಲೇ ಇರುವುದು ಮತ್ತು ಲಿವರನ್ನು ತಿನ್ನುತ್ತಾ ಹೋಗುವುದು. ಬೆಲ್ಜಿಯಂನ ವಲೇರ್ ಡೆಸ್ಮೆಟ್, ಲಂಡನ್ನಿನ ಪೀಟರ್ ಶೋಯರ್ ಇಬ್ಬರೂ ಆ ಗುಂಪಿನಲ್ಲಿದ್ದರು. ಮುಂದೆ ಲಿವರ್ ಲೋಕದಲ್ಲಿ ಈ ಗುಂಪಿಗೆ ‘ನೋಮ್ಸ್’ ಎಂಬ ಹೆಸರೇ ಬಿತ್ತು.

1981ರಲ್ಲಿ ನೋಡೆಲ್ ಮತ್ತು ಸಂಗಡಿಗರು ಅಂಕ ಕೊಡುವ ಪದ್ಧತಿ ತಂದರು. ಅದರಲ್ಲಿ ಒಟ್ಟು 22 ಅಂಕ. ಫೈಬ್ರೋಸಿಸ್‌ಗೆ 0, 1, 3, 4 ಎಂದಿತ್ತು. 2 ಇರಲಿಲ್ಲ. ಹಗುರವಾದದ್ದೂ ಗಂಭೀರವಾದದ್ದೂ ಒಂದಕ್ಕೊಂದು ದೂರ ಉಳಿಯಲಿ ಎಂಬ ಲೆಕ್ಕ ಅದು. ಆದರೆ ಉರಿಯೂತವನ್ನೂ ನಾರನ್ನೂ ಒಂದೇ ಮೊತ್ತದಲ್ಲಿ ಕೂಡಿಸಿದ್ದು ತೊಡಕಾಯಿತು.

1989ರಲ್ಲಿ ಹೆಪಟೈಟಿಸ್ ಸಿ ವೈರಸ್ ಪತ್ತೆಯಾಯಿತು. ‘ಇದ್ದಲ್ಲೇ ಇರುತ್ತದೆ’ ಎಂದುಕೊಂಡಿದ್ದ ಕಾಯಿಲೆಯೂ ವರ್ಷಗಳ ನಂತರ ಸಿರೋಸಿಸ್ ತರಬಹುದು ಎಂದು ಗೊತ್ತಾಯಿತು. 1994ರಲ್ಲಿ ಹಳೆಯ ವಿಂಗಡಣೆ ಬಿಟ್ಟು ಮೂರು ವಿಷಯ ಬರೆಯಿರಿ ಎಂದು ಹೊಸ ಸಲಹೆ ಬಂತು: ಕಾರಣ, ಗ್ರೇಡ್, ಸ್ಟೇಜ್. ಆ ಲೇಖನದ ಮೊದಲ ಹೆಸರು ಡೆಸ್ಮೆಟ್ ಅವರದು, ಶೋಯರ್ ಕೂಡ ಅದರಲ್ಲಿದ್ದರು. 1968ರಲ್ಲಿ ತಾವೇ ಕಟ್ಟಿದ್ದನ್ನು ಹೊಸ ಸಾಕ್ಷಿ ಬಂದಾಗ ತಾವೇ ಕೈಬಿಟ್ಟರು. ಮರುವರ್ಷ, 1995ರಲ್ಲಿ, ಇಶಾಕ್ ಪದ್ಧತಿ ಬಂತು.

ಹಾನ್ಸ್ ಪಾಪರ್ ಹೆಸರು ಎಲ್ಲ ಕಡೆ ಕೇಳುತ್ತದೆ. ಅವರು ಯಾರು?

ಲಿವರ್ ಪ್ಯಾಥಾಲಜಿಸ್ಟ್ ಒಬ್ಬರ ಬದುಕು ಹೇಗಿರಬಹುದು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇವರ ಬಗ್ಗೆ. 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದರು. ಅಲ್ಲಿಯೇ ವೈದ್ಯಕೀಯ ಓದಿ, ಹಾನ್ಸ್ ಎಪ್ಪಿಂಗರ್ ಅವರ ಚಿಕಿತ್ಸಾಲಯದಲ್ಲಿ ಕೆಲಸ ಮಾಡಿದರು. ಮೂತ್ರಪಿಂಡ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ಕ್ರಿಯಾಟಿನಿನ್ ಮೂಲಕ ಅಳೆಯುವ ವಿಧಾನದ ಮೇಲೆ 1937ರಲ್ಲಿ ಅವರು ಮಾಡಿದ ಕೆಲಸ ಇವತ್ತಿಗೂ ನೆನಪಾಗುತ್ತದೆ. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಮಾಡಿಕೊಂಡರು. ಯಹೂದಿಯಾಗಿದ್ದ ಪಾಪರ್ ದೇಶ ಬಿಟ್ಟು ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಗೆ ಬಂದರು. ಅವರ ಹಳೆಯ ಮುಖ್ಯಸ್ಥ ಎಪ್ಪಿಂಗರ್, ಡಾಖಾವ್ ಶಿಬಿರದ ಕೈದಿಗಳ ಮೇಲೆ ನಡೆದ ಸಮುದ್ರನೀರಿನ ಪ್ರಯೋಗಗಳಲ್ಲಿ ಭಾಗಿಯಾದರು.

ಶಿಕಾಗೋದಲ್ಲಿ ಪಾಪರ್ ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಅಲ್ಲಿ ಶವಪರೀಕ್ಷೆಗಳು ಹೇರಳ. ಲಿವರ್ ಕಾಯಿಲೆಗಳ ದೊಡ್ಡ ಸಂಗ್ರಹವೇ ಅವರ ಕಣ್ಣಮುಂದೆ ಬಂತು. 1950ರಲ್ಲಿ ಅಮೆರಿಕದ ಲಿವರ್ ಅಧ್ಯಯನ ಸಂಘ ಹುಟ್ಟಿದಾಗ ಸ್ಥಾಪಕರಲ್ಲಿ ಅವರೂ ಒಬ್ಬರು. 1957ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಗೆ ಪ್ಯಾಥಾಲಜಿ ಮುಖ್ಯಸ್ಥರಾಗಿ ಹೋದರು. ಅಲ್ಲಿ ಹೊಸ ವೈದ್ಯಕೀಯ ಕಾಲೇಜು ಕಟ್ಟುವುದರಲ್ಲೂ ಅವರ ಪಾತ್ರ ದೊಡ್ಡದು. 1988ರಲ್ಲಿ ತೀರಿಕೊಂಡರು.

ಸಂಶೋಧನೆಯ ವಿಷಯಕ್ಕೆ ಬಂದರೆ, ಎರಡನ್ನು ಹೇಳಲೇಬೇಕು. ಮೊದಲನೆಯದು ಹೆಪಟೈಟಿಸ್ ಬಿ. ಈ ವೈರಸ್ ಹೊತ್ತ ಕೆಲವರ ಲಿವರ್ ಕೋಶಗಳು ಮಸುಕು ಗಾಜಿನಂತೆ ಕಾಣುತ್ತವೆ. ಆ ಮಸುಕು ವೈರಸ್ಸಿನ ಹೊರಕವಚದ ಪ್ರೋಟೀನ್ ತುಂಬಿಕೊಂಡಿದ್ದರಿಂದ ಎಂದು 1973ರಲ್ಲಿ ಗ್ರೀಸ್‌ನ ಹಾಜಿಯಾನಿಸ್ ಜೊತೆ ಪಾಪರ್ ತಂಡ ತೋರಿಸಿತು.

ಎರಡನೆಯದು ಕಾರ್ಖಾನೆಯ ಕಥೆ. 1974ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಪಿವಿಸಿ ಪ್ಲಾಸ್ಟಿಕ್ ತಯಾರಿಸುವ ಕಾರ್ಮಿಕರಲ್ಲಿ ಲಿವರಿನ ಆಂಜಿಯೋಸಾರ್ಕೋಮಾ ಕಾಣಿಸಿಕೊಂಡಿತ್ತು. ಇದು ತೀರಾ ಅಪರೂಪದ ಕ್ಯಾನ್ಸರ್. ಒಂದೇ ಜಾಗದಲ್ಲಿ ಕೆಲವರಿಗೆ ಬಂದರೂ ಎಚ್ಚರವಾಗಬೇಕು. ವಿನೈಲ್ ಕ್ಲೋರೈಡ್ ಅನಿಲದ ಮೇಲೆ ಅನುಮಾನ ಬಂತು. ಕಾರ್ಮಿಕರ ಲಿವರ್ ತುಂಡುಗಳನ್ನು ಅಧ್ಯಯನ ಮಾಡಿದ ಪಾಪರ್ ಮತ್ತು ಸಂಗಡಿಗರು, ಕ್ಯಾನ್ಸರ್ ಬರುವ ಮೊದಲೇ ರಕ್ತನಾಳದ ಒಳಪದರದ ಕೋಶಗಳು ಬದಲಾಗುವುದನ್ನು ವಿವರಿಸಿದರು. ಆರ್ಸೆನಿಕ್ ಮೈಸೇರಿದವರಲ್ಲೂ, ಹಿಂದೆ ಎಕ್ಸ್‌ರೇಗೆ ಬಳಸುತ್ತಿದ್ದ ಥೊರೊಟ್ರಾಸ್ಟ್ ಪಡೆದವರಲ್ಲೂ ಅದೇ ಬದಲಾವಣೆ ಇತ್ತು. ಅದೇ ವರ್ಷ ಅಮೆರಿಕ ಸರ್ಕಾರ ಕಾರ್ಖಾನೆಯ ಗಾಳಿಯಲ್ಲಿ ಈ ಅನಿಲದ ಮಿತಿಯನ್ನು ಹತ್ತು ಲಕ್ಷ ಭಾಗಕ್ಕೆ 500ರಿಂದ 1ಕ್ಕೆ ಇಳಿಸುವ ನಿಯಮ ತಂದಿತು.

ದಿನವೂ ಸ್ಲೈಡ್ ನೋಡುವವರಿಗೆ ಸಂಶೋಧನೆ ಎಲ್ಲಿಂದ ಹುಟ್ಟುತ್ತದೆ?

ಅದೇ ಮೇಜಿನಿಂದ. ‘ಇದು ಹೊಂದಿಕೆಯಾಗುತ್ತಿಲ್ಲವಲ್ಲ’ ಎಂದು ಪಕ್ಕಕ್ಕಿಟ್ಟ ಸ್ಲೈಡುಗಳಿಂದ. ಇದಕ್ಕೆ ಯುರ್ಗನ್ ಲುಡ್ವಿಗ್ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿದ್ದ ಲುಡ್ವಿಗ್ ಮುಂದೆ ಕೆಲವು ಬಯಾಪ್ಸಿಗಳು ಬರುತ್ತಿದ್ದವು. ಕೊಬ್ಬು, ಉರಿಯೂತ, ಮ್ಯಾಲರಿ ಬಾಡಿ ಎಂಬ ಗುಲಾಬಿ ಗಂಟುಗಳು, ಎಲ್ಲವೂ ಮದ್ಯದಿಂದ ಕೆಟ್ಟ ಲಿವರಿನಂತೆಯೇ. ಆದರೆ ಆ ರೋಗಿಗಳು ಕುಡಿಯುವವರಲ್ಲ. ಅಂಥ ರೋಗಿ ‘ನಾನು ಕುಡಿಯುವುದಿಲ್ಲ’ ಎಂದರೆ ನಂಬುವವರು ಕಡಿಮೆ. ಸ್ಲೈಡ್ ಸುಳ್ಳು ಹೇಳುವುದಿಲ್ಲ, ರೋಗಿ ಹೇಳಬಹುದು ಎಂಬ ಭಾವನೆ. 1980ರಲ್ಲಿ ಲುಡ್ವಿಗ್ ತಂಡ ಇಂಥ 20 ರೋಗಿಗಳ ವಿವರ ಪ್ರಕಟಿಸಿತು. ಹೆಚ್ಚಿನವರಿಗೆ ಮಧ್ಯಮ ಮಟ್ಟದ ಬೊಜ್ಜು, ಹಲವರಿಗೆ ಸಕ್ಕರೆ ಕಾಯಿಲೆ ಅಥವಾ ಪಿತ್ತಕೋಶದ ಕಲ್ಲು. ಮೂವರಿಗೆ ಆಗಲೇ ಸಿರೋಸಿಸ್ ಇತ್ತು. ಹೆಸರಿಲ್ಲದ ಆ ಕಾಯಿಲೆಗೆ ಅವರು ‘ನ್ಯಾಶ್’ ಎಂದು ಹೆಸರಿಟ್ಟರು, ಅಂದರೆ ಮದ್ಯದಿಂದಲ್ಲದ, ಕೊಬ್ಬಿನ ಜೊತೆ ಬರುವ ಲಿವರ್ ಉರಿಯೂತ. 2023ರಿಂದ ಅದನ್ನು ‘ಮ್ಯಾಶ್’ ಎನ್ನುತ್ತಾರೆ. ಇಂದು ಲಿವರ್ ಕಸಿಗೆ ಕಾರಣವಾಗುವ ಮುಖ್ಯ ಕಾಯಿಲೆಗಳಲ್ಲಿ ಇದೂ ಒಂದು.

ಬರೀ 20 ರೋಗಿಗಳು, ಒಂದು ಮೈಕ್ರೋಸ್ಕೋಪ್. ಇದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು, ಆ ರೋಗಿಗಳ ಮಾತನ್ನೂ ಸ್ಲೈಡಿನಷ್ಟೇ ಸಾಕ್ಷಿ ಎಂದು ತೆಗೆದುಕೊಂಡದ್ದು.

ಅದಕ್ಕೇನಾ ನೀವು ರೋಗಿಯ ಪೂರ್ತಿ ವಿವರ ಕೇಳುವುದು?

ಹೌದು. ಲಿವರಿಗೆ ನೋವು ತೋಡಿಕೊಳ್ಳಲು ಗೊತ್ತಿರುವ ಬಗೆಗಳು ಕೆಲವೇ. ಹತ್ತಾರು ಕಾರಣಗಳಿಗೆ ಅದು ಒಂದೇ ರೀತಿ ಬದಲಾಗುತ್ತದೆ. ಆಟೋಇಮ್ಯೂನ್ ಹೆಪಟೈಟಿಸ್ (ದೇಹದ ರಕ್ಷಣಾ ವ್ಯವಸ್ಥೆಯೇ ಲಿವರ್ ಮೇಲೆ ತಿರುಗಿಬೀಳುವ ಕಾಯಿಲೆ) ಮತ್ತು ಔಷಧದಿಂದಾದ ಹಾನಿ ಸ್ಲೈಡಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣಬಹುದು. ಮೊದಲನೆಯದಕ್ಕೆ ವರ್ಷಗಟ್ಟಲೆ ಮಾತ್ರೆ. ಎರಡನೆಯದಕ್ಕೆ ಆ ಔಷಧ ನಿಲ್ಲಿಸಿದರೆ ಸಾಕಾಗಬಹುದು. ಮೂರು ತಿಂಗಳ ಹಿಂದೆ ತೆಗೆದುಕೊಂಡ ಒಂದು ಆಂಟಿಬಯಾಟಿಕ್, ಗಿಡಮೂಲಿಕೆ ಪುಡಿ, ಮೈಕಟ್ಟಿಗೆಂದು ಸೇವಿಸಿದ ಮಾತ್ರೆ ಇವು ಉತ್ತರವನ್ನೇ ತಿರುಗಿಸಿಬಿಡುತ್ತವೆ.

ಕೆಲವೊಮ್ಮೆ ಹಾನಿಯ ಜಾಗವೇ ಸುಳಿವು ಕೊಡುತ್ತದೆ. ಪ್ಯಾರಾಸಿಟಮಾಲ್ ಮಿತಿ ಮೀರಿದರೆ ಕೇಂದ್ರ ರಕ್ತನಾಳದ ಸುತ್ತಲಿನ ಕೋಶಗಳು ಮೊದಲು ಸಾಯುತ್ತವೆ. ಔಷಧವನ್ನು ವಿಷವಾಗಿಸುವ ಕಿಣ್ವ ಅಲ್ಲೇ ಜಾಸ್ತಿ. ಆ ವಿಷದಿಂದ ಕಾಪಾಡುವ ಗ್ಲುಟಾಥಯೋನ್ ಅಲ್ಲಿ ಕಡಿಮೆ. ಇಷ್ಟು ಸ್ಪಷ್ಟ ಸುಳಿವು ಸಿಗುವುದು ಅಪರೂಪ. ಹಾಗಾಗಿ ಬಯಾಪ್ಸಿ ಕಳಿಸುವ ಚೀಟಿಯಲ್ಲಿ ‘ಲಿವರ್, ದಯವಿಟ್ಟು ನೋಡಿ’ ಎಂದಷ್ಟೇ ಬರೆದಿದ್ದರೆ ನಾವು ಫೋನ್ ಮಾಡುತ್ತೇವೆ. ಮಾಡಲೇಬೇಕು.

ಸಿರೋಸಿಸ್ ಬಂದರೆ ವಾಪಸ್ ಹೋಗುವುದಿಲ್ಲವಂತೆ, ನಿಜವಾ?

ಬಹಳ ಕಾಲ ಹಾಗೇ ಹೇಳಿಕೊಟ್ಟರು. 2000ದಲ್ಲಿ ಕೆನಡಾದ ಇಯಾನ್ ವಾನ್‌ಲೆಸ್ ಮತ್ತು ಸಂಗಡಿಗರು ಬೇರೆ ಮಾತು ಹೇಳಿದರು. ಕಾರಣ ನಿಂತರೆ ನಾರಿನ ಗೋಡೆಗಳು ತೆಳ್ಳಗಾಗುತ್ತವೆ, ಅಲ್ಲಲ್ಲಿ ತೂತು ಬೀಳುತ್ತವೆ, ಹೊಸ ಲಿವರ್ ಕೋಶಗಳು ಅವುಗಳೊಳಗೆ ನುಗ್ಗುತ್ತವೆ ಎಂದು ಸ್ಲೈಡುಗಳಲ್ಲಿ ತೋರಿಸಿದರು. ಹೆಪಟೈಟಿಸ್ ಬಿ, ಸಿಗೆ ಒಳ್ಳೆಯ ಔಷಧ ಬಂದ ಮೇಲೆ ಇದು ಇನ್ನಷ್ಟು ಗಟ್ಟಿಯಾಯಿತು. ಎಲ್ಲರಿಗೂ ಹೀಗಾಗುವುದಿಲ್ಲ. ಮುಚ್ಚಿಹೋದ ರಕ್ತನಾಳಗಳು ಸುಲಭವಾಗಿ ಸರಿಹೋಗುವುದಿಲ್ಲ. ಕ್ಯಾನ್ಸರ್ ಅಪಾಯ ಉಳಿಯುತ್ತದೆ, ಆದ್ದರಿಂದ ತಪಾಸಣೆ ಬಿಡಬಾರದು. ಆದರೂ ‘ಇನ್ನು ಏನೂ ಮಾಡುವಂತಿಲ್ಲ’ ಎಂಬ ಮಾತು ತಪ್ಪು. ಸ್ಟೇಜ್ ಸಂಖ್ಯೆಯ ಜೊತೆಗೆ, ನಾರು ಬೆಳೆಯುತ್ತಿದೆಯಾ ಕರಗುತ್ತಿದೆಯಾ ಎಂದೂ ಬರೆಯುವ ವಿಧಾನವನ್ನು 2017ರಲ್ಲಿ ಬೀಜಿಂಗ್‌ನ ತಂಡವೊಂದು ಸೂಚಿಸಿತು. ನನಗೆ ಅದು ತುಂಬ ಸರಿ ಅನಿಸುತ್ತದೆ.

ಈ ವೃತ್ತಿಗೆ ಬರಲು ಏನು ಓದಬೇಕು?

ಮೊದಲು ವೈದ್ಯಕೀಯ ಪದವಿ. ಆಮೇಲೆ ಪ್ಯಾಥಾಲಜಿಯಲ್ಲಿ ಮೂರರಿಂದ ಐದು ವರ್ಷದ ತರಬೇತಿ, ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅದಾದ ಮೇಲೆ ಲಿವರ್ ಅಥವಾ ಜೀರ್ಣಾಂಗ ಪ್ಯಾಥಾಲಜಿಯಲ್ಲಿ ಒಂದೆರಡು ವರ್ಷದ ಫೆಲೋಶಿಪ್. ಕಸಿ ನಡೆಯುವ ಆಸ್ಪತ್ರೆಯಲ್ಲಿ ಕಲಿಯುವುದು ಒಳ್ಳೆಯದು, ಅಲ್ಲಿ ಎಲ್ಲ ಬಗೆಯ ಸ್ಲೈಡುಗಳು ಬರುತ್ತವೆ.

ಯಾರಿಗೆ ಈ ಕೆಲಸ ಹಿಡಿಸುತ್ತದೆ ಎಂದು ಕೇಳಿದರೆ, ಒಂದೇ ಚಿತ್ರವನ್ನು ತುಂಬ ಹೊತ್ತು ನೋಡಬಲ್ಲವರಿಗೆ. ‘ನನಗೆ ಗೊತ್ತಾಗುತ್ತಿಲ್ಲ, ನೀವೂ ನೋಡಿ’ ಎಂದು ಪಕ್ಕದವರಿಗೆ ಹೇಳಬಲ್ಲವರಿಗೆ.

ರೋಗಿಗಳನ್ನು ನೀವು ನೋಡುವುದೇ ಇಲ್ವಾ?

ತುಂಬ ಕಡಿಮೆ. ಹೆಪಟಾಲಜಿಸ್ಟ್, ರೇಡಿಯಾಲಜಿಸ್ಟ್, ಸರ್ಜನ್ ಜೊತೆ ಕೂತು ಪ್ರತಿ ರೋಗಿಯ ಬಗ್ಗೆ ಚರ್ಚೆ ಮಾಡುತ್ತೇವೆ.

ರಾತ್ರಿ ಹೊತ್ತು ಕೆಲಸ ಇರುತ್ತದಾ?

ಕಸಿ ಇರುವ ಕಡೆ ಇರುತ್ತದೆ. ದಾನಿಯ ಲಿವರ್ ಬಳಸಬಹುದಾ ಎಂದು ಅನುಮಾನ ಬಂದರೆ ಒಂದು ತುಂಡನ್ನು ಹೆಪ್ಪುಗಟ್ಟಿಸಿ, ಕತ್ತರಿಸಿ, ಸುಮಾರು ಇಪ್ಪತ್ತು ನಿಮಿಷದಲ್ಲಿ ಉತ್ತರ ಕೊಡಬೇಕು. ದೊಡ್ಡ ಹನಿಯ ಕೊಬ್ಬು 30 ಶೇಕಡ ದಾಟಿದರೆ ಎಚ್ಚರಿಕೆ. 60 ಶೇಕಡ ದಾಟಿದರೆ ಸಾಮಾನ್ಯವಾಗಿ ಬೇಡ ಎನ್ನುತ್ತಾರೆ. ಹೆಪ್ಪುಗಟ್ಟಿಸಿದ ತುಂಡಿನಲ್ಲಿ ಕೊಬ್ಬಿನ ಅಂದಾಜು ಸುಲಭವಲ್ಲ. ಜಾಸ್ತಿ ಹೇಳಿದರೆ ಒಳ್ಳೆಯ ಅಂಗ ವ್ಯರ್ಥ, ಕಡಿಮೆ ಹೇಳಿದರೆ ಪಡೆದವರಿಗೆ ಅಪಾಯ. ಕಸಿಯಾದ ಮೇಲೆ ದೇಹ ಹೊಸ ಲಿವರನ್ನು ತಿರಸ್ಕರಿಸುತ್ತಿದೆಯಾ ಎಂದು ನೋಡಲು 1997ರ ಬ್ಯಾನ್ಫ್ ಪದ್ಧತಿ ಇದೆ. ಪೋರ್ಟಲ್ ಉರಿಯೂತ, ಪಿತ್ತನಾಳದ ಹಾನಿ, ರಕ್ತನಾಳದ ಒಳಪದರದ ಉರಿಯೂತ, ಮೂರಕ್ಕೂ ತಲಾ 3ರವರೆಗೆ ಅಂಕ.

ಹೊಸ ಔಷಧಗಳ ಪರೀಕ್ಷೆಯಲ್ಲಿ ನಿಮ್ಮ ಪಾತ್ರ ಏನು?

ಮ್ಯಾಶ್ ಕಾಯಿಲೆಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ರೆಸ್ಮೆಟಿರಾಮ್, ಮಾರ್ಚ್ 2024ರಲ್ಲಿ. ಅದರ ಮುಖ್ಯ ಪರೀಕ್ಷೆಯಲ್ಲಿ 966 ರೋಗಿಗಳಿದ್ದರು. ಚಿಕಿತ್ಸೆಗೆ ಮೊದಲು ಒಂದು, 52 ವಾರಗಳ ಮೇಲೆ ಇನ್ನೊಂದು ಬಯಾಪ್ಸಿ. ಔಷಧ ಕೆಲಸ ಮಾಡಿತಾ ಎನ್ನುವುದನ್ನು ಆ ಸ್ಲೈಡುಗಳ ಮೇಲೆಯೇ ಅಳೆದರು.

ಹಾಗಿರುವಾಗ ನಮ್ಮೊಳಗೆ ಎಷ್ಟು ಒಮ್ಮತ ಇದೆ ಎನ್ನುವುದು ಮುಖ್ಯ. 2005ರಲ್ಲಿ ಕ್ಲೈನರ್, ಬ್ರಂಟ್ ಮುಂತಾದ ಪ್ಯಾಥಾಲಜಿಸ್ಟ್‌ಗಳು ಈ ಕಾಯಿಲೆಗೆ ಅಂಕಪದ್ಧತಿ ತಂದಾಗ ಅದನ್ನೂ ಅಳೆದರು. ಒಂದೇ ಸ್ಲೈಡನ್ನು ಬೇರೆಬೇರೆ ಪ್ಯಾಥಾಲಜಿಸ್ಟ್‌ಗಳಿಗೆ ಕೊಟ್ಟಾಗ ಫೈಬ್ರೋಸಿಸ್ ಬಗ್ಗೆ ಒಮ್ಮತದ ಅಳತೆ 0.84, ಕೊಬ್ಬಿಗೆ 0.79. ಊದಿಕೊಂಡ ಕೋಶಗಳಿಗೆ 0.56, ಒಳಗಿನ ಉರಿಯೂತಕ್ಕೆ 0.45 ಮಾತ್ರ. ಪೂರ್ತಿ ಒಮ್ಮತವಿದ್ದರೆ 1 ಬರಬೇಕು. ಅನುಭವಿಗಳೇ ಇಷ್ಟು ಭಿನ್ನವಾಗುತ್ತಾರೆ ಎಂದು ತಮ್ಮ ಕ್ಷೇತ್ರದ ಬಗ್ಗೆ ತಾವೇ ಪ್ರಕಟಿಸಿದ್ದು ದೊಡ್ಡ ಕೆಲಸ. ಎಲ್ಲಿ ತಿದ್ದಬೇಕು ಎಂದು ಅದರಿಂದಲೇ ಗೊತ್ತಾಯಿತು.

ಫೈಬ್ರೋಸ್ಕ್ಯಾನ್, ಎಐ ಬಂದ ಮೇಲೆ ಈ ಕೆಲಸ ಉಳಿಯುತ್ತದಾ?

ಬಯಾಪ್ಸಿಗಳ ಸಂಖ್ಯೆ ಕೆಲವು ಕಡೆ ಇಳಿದಿದೆ, ಅದು ಒಳ್ಳೆಯದೇ. ಹೆಪಟೈಟಿಸ್ ಸಿಗೆ ಈಗ ಮಾತ್ರೆಯಿಂದ ವಾಸಿಯಾಗುತ್ತದೆ. ಫೈಬ್ರೋಸಿಸ್ ಎಷ್ಟಿದೆ ಎಂದು ಸೂಜಿಯಿಲ್ಲದೆ ಅಂದಾಜು ಮಾಡಬಹುದು. ಬೇಡದ ಸೂಜಿ ಯಾರಿಗೂ ಬೇಡ. ಆದರೆ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಯಂತ್ರ, ಲಿವರ್ ಏಕೆ ಗಡಸಾಯಿತು ಎಂದು ಹೇಳುವುದಿಲ್ಲ. ನಮ್ಮ ಬಳಿ ಈಗ ಬರುವುದು ಕಷ್ಟದ ಪ್ರಶ್ನೆಗಳೇ ಜಾಸ್ತಿ.

ಎಐ ಬಗ್ಗೆ ನನಗೆ ಭಯವಿಲ್ಲ. ಮ್ಯಾಶ್ ಔಷಧ ಪರೀಕ್ಷೆಗಳಲ್ಲಿ ಸ್ಲೈಡ್ ಓದಲು ನೆರವಾಗುವ ಒಂದು ಎಐ ಸಾಧನವನ್ನು 2025ರಲ್ಲಿ ಯುರೋಪಿನ ಔಷಧ ಸಂಸ್ಥೆ ಒಪ್ಪಿಕೊಂಡಿತು. ಕೊನೆಯ ಮಾತು ಅಲ್ಲೂ ಪ್ಯಾಥಾಲಜಿಸ್ಟ್‌ನದೇ. ಮೇಲೆ ಹೇಳಿದ 0.45 ಏರುವುದಾದರೆ ಏರಲಿ.

ನನ್ನ ಬಯಾಪ್ಸಿಯನ್ನು ಇನ್ನೊಬ್ಬರಿಗೆ ತೋರಿಸಬಹುದಾ? ಮೊದಲ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ವಾ?

ತೋರಿಸಬಹುದು. ನಾವೇ ಒಬ್ಬರಿಗೊಬ್ಬರು ಸ್ಲೈಡ್ ಕಳಿಸಿ ಅಭಿಪ್ರಾಯ ಕೇಳುತ್ತಿರುತ್ತೇವೆ, ಬೇಜಾರಿನ ಮಾತೇ ಇಲ್ಲ. ಮತ್ತೆ ಸೂಜಿ ಚುಚ್ಚಿಸಿಕೊಳ್ಳುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಮೇಣದ ಗಟ್ಟಿಯನ್ನು ಲ್ಯಾಬ್‌ನಲ್ಲಿ ವರ್ಷಗಟ್ಟಲೆ ಇಟ್ಟಿರುತ್ತಾರೆ. ಬಣ್ಣ ಹಾಕಿದ ಎಲ್ಲ ಸ್ಲೈಡುಗಳು, ಮೇಣದ ಗಟ್ಟಿ ಅಥವಾ ಬಣ್ಣ ಹಾಕದ ಕೆಲವು ಸ್ಲೈಡುಗಳು, ಮೊದಲ ವರದಿಯ ಪ್ರತಿ, ರಕ್ತಪರೀಕ್ಷೆ ಮತ್ತು ಸ್ಕ್ಯಾನ್ ವರದಿಗಳನ್ನು ಕೇಳಿ ಪಡೆಯಿರಿ. ಹಳೆಯ ಬಯಾಪ್ಸಿ ಇದ್ದರೆ ಅದನ್ನೂ ಕೊಡಿ. ಎರಡನ್ನೂ ಒಟ್ಟಿಗೆ ನೋಡಿದರೆ ಕಾಯಿಲೆ ಯಾವ ಕಡೆ ಹೋಗುತ್ತಿದೆ ಎಂದು ಗೊತ್ತಾಗುತ್ತದೆ. ಜೊತೆಗೆ ಕಳೆದ ಆರು ತಿಂಗಳಲ್ಲಿ ತೆಗೆದುಕೊಂಡ ಎಲ್ಲ ಮಾತ್ರೆ, ಪುಡಿ, ಟಾನಿಕ್‌ಗಳ ಪಟ್ಟಿಯನ್ನು, ಶುರು ಮಾಡಿದ ಮತ್ತು ನಿಲ್ಲಿಸಿದ ದಿನಾಂಕದ ಸಮೇತ, ಒಂದು ಹಾಳೆಯಲ್ಲಿ ಬರೆದು ಸ್ಲೈಡುಗಳ ಜೊತೆಗೇ ಕಳಿಸಿ.